ಮೈಸೂರು ರಸ್ತೆಯ ಆಟದಂಗಳ

ಮೈಸೂರಿನ ಕಡೆಯಿಂದ ಬೆಂಗಳೂರಿಗೆ ಬರುವ ಪ್ರಯಾಣಿಕನಿಗೆ ನಗರದ ಹೆಬ್ಬಾಗಿಲೆಂದರೆ ಕೆಂಗೇರಿ. ಒಂದು ಕಾಲಕ್ಕೆ ಬೇರೆಯೇ ಊರಾಗಿದ್ದ ಈ ಸ್ಥಳವನ್ನು ಬೆಳೆಯುತ್ತ ಬಂದ ರಾಜಧಾನಿ ತನ್ನ ತೆಕ್ಕೆಗೆ ಸೆಳೆದುಕೊಂಡಿದೆ. ಪಕ್ಕದಲ್ಲಿ ವೃಷಭಾವತಿ ಹರಿಯುತ್ತಾಳೆ. ನಗರದ ಕೊಳೆಯನ್ನೆಲ್ಲ ಹೊತ್ತು ಕಪ್ಪಾದ ಆಕೆಯನ್ನು ಕಂಡವರಿಗೆ ಆ ಹೆಸರಿನ ಪಾವಿತ್ರ್ಯ ನೆನಪಾಗುವುದು ಕಷ್ಟ. ರಸ್ತೆಯ ನೆತ್ತಿಯ ಮೇಲೆ 2021ರ ಆಗಸ್ಟ್ ತಿಂಗಳಿನಿಂದ ಮೆಟ್ರೋ ರೈಲು ಓಡುತ್ತಿದೆ. ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿದು ಬೆಂಗಳೂರು ವಿಶ್ವವಿದ್ಯಾನಿಲಯದ ಆವರಣದತ್ತ ಹೊರಳಿದರೆ ಬೀದಿಯ ಗದ್ದಲ ಹಿಂದಾಗುತ್ತದೆ. ಅಲ್ಲಿನ ಮರಗಳ ನಡುವೆ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ.

ಭಾರತ ಹಾಕಿ ತಂಡಗಳ ಶಿಬಿರಗಳು ಹೆಚ್ಚಾಗಿ ನಡೆಯುವುದು ಇಲ್ಲಿಯೇ. ಅಂಗಳದ ಹುಲ್ಲು ಹಸು ಮೇಯುವ ಹುಲ್ಲಲ್ಲ, ಕೃತಕ ಹಾಸು. ಆಟಕ್ಕೆ ಮೊದಲು ನೀರು ಚಿಮ್ಮಿಸಿ ತೋಯಿಸಿದರೆ ಚೆಂಡು ಜಾರಿ ಓಡುತ್ತದೆ. ಬಿದ್ದವನ ಚರ್ಮವೂ ಉಳಿಯುತ್ತದೆ. 15 ನಿಮಿಷಗಳ 4 ಭಾಗಗಳಾಗಿ ಸಾಗುವ ಇಂದಿನ ಆಟದಲ್ಲಿ ಮುಂಚೂಣಿಯ ಆಟಗಾರನು ಕೆಲವೇ ನಿಮಿಷ ಬಾಣದಂತೆ ನುಗ್ಗಿ, ಹೊರಬಂದು ಉಸಿರೆಳೆದುಕೊಂಡು, ಮತ್ತೆ ಒಳಹೋಗಬೇಕು. ವೇಗವೇ ಅವನ ಬಂಡವಾಳ. ಅದು ಸವೆಯುವುದೂ ಬಹುಬೇಗ.

ಅಂಥ ವೇಗಕ್ಕೆ ಹೆಸರಾಗಿದ್ದವರು ಎಸ್.ವಿ. ಸುನಿಲ್. 1989ರಲ್ಲಿ ಕೊಡಗಿನ ಸೋಮವಾರಪೇಟೆಯಲ್ಲಿ ಜನನ. ತಂದೆ ಬಡಗಿ, ತಾಯಿ ಕಣ್ಮುಚ್ಚಿದಾಗ ಮಗುವಿಗಿನ್ನೂ ಎಳೆಯ ವಯಸ್ಸು. ಕೋಲು ಕೊಳ್ಳಲು ಹಣವಿಲ್ಲದ ಮನೆಯ ಹುಡುಗ ಬಿದಿರಿನ ಕೋಲಿನಿಂದಲೇ ಆಟ ಕಲಿತನು. ಹಾಕಿಯೆಂದರೆ ಕೊಡಗಿನಲ್ಲಿ ಹಬ್ಬವಿದ್ದಂತೆ; ಅಲ್ಲಿ ಬಿದಿರಿನ ಕೋಲಿಗೂ ಮರ್ಯಾದೆಯುಂಟು.

2007ರಲ್ಲಿ ಮದರಾಸಿನ, ಎಂದರೆ ಇಂದಿನ ಚೆನ್ನೈಯ, ಏಷ್ಯಾ ಕಪ್ ಪಂದ್ಯಾವಳಿಯಲ್ಲಿ ಸುನಿಲ್ ಮೊದಲ ಬಾರಿಗೆ ಭಾರತದ ಪರವಾಗಿ ಆಡಿದರು. 2009ರಲ್ಲಿ ತಂದೆ ತೀರಿಕೊಂಡಾಗ ಅವರು ದೂರದ ಮಲೇಷ್ಯಾದಲ್ಲಿ ಅಜ್ಲಾನ್ ಶಾ ಪಂದ್ಯಾವಳಿಯಲ್ಲಿದ್ದರು. ದುಃಖವನ್ನು ನುಂಗಿಕೊಂಡು ತಂಡದೊಡನೆ ಉಳಿದರು. ಭಾರತ ಕಪ್ ಗೆದ್ದಿತು. 2014ರ ಅಕ್ಟೋಬರ್ 2ರಂದು ಇಂಚಾನ್ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನವನ್ನು ಸೋಲಿಸಿ ಚಿನ್ನ ತಂದ ತಂಡದಲ್ಲಿ ಅವರಿದ್ದರು. 2017ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು.

ಆದರೆ ಒಲಿಂಪಿಕ್ಸ್ ಮಾತ್ರ ಒಲಿಯಲಿಲ್ಲ. 2012ರಲ್ಲಿ ಲಂಡನ್ನಿನಲ್ಲಿ ಭಾರತಕ್ಕೆ ದೊರೆತದ್ದು ಕಟ್ಟಕಡೆಯ 12ನೆಯ ಸ್ಥಾನ. 2016ರಲ್ಲಿ ರಿಯೋ ನಗರದ ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂ ಎದುರು 3–1ರ ಸೋಲು. ಉಳಿದದ್ದು ಟೋಕಿಯೋ. 2019ರಲ್ಲಿ ಮೊಣಕಾಲಿಗೆ ಪೆಟ್ಟಾಗಿ ಹೊರಗುಳಿದ ಸುನಿಲ್ ಅದೇ ಆಸೆಯಿಂದ ಮತ್ತೆ ಅಂಗಳಕ್ಕೆ ಮರಳಿದರು. 2020ರ ಮಾರ್ಚ್‌ನಲ್ಲಿ ದೇಶಕ್ಕೆಲ್ಲ ಬೀಗ ಬಿದ್ದಾಗ ಪುರುಷರ ಹಾಗೂ ಮಹಿಳೆಯರ ತಂಡಗಳೆರಡೂ ಕೆಂಗೇರಿಯ ಬಳಿಯ ಈ ಆವರಣದಲ್ಲಿಯೇ ಜೂನ್ ತಿಂಗಳವರೆಗೆ ಉಳಿದವು. ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋಯಿತು. ಮೂವತ್ತು ದಾಟಿದ ಕಾಲುಗಳಿಗೆ ಒಂದು ವರ್ಷವೆಂದರೆ ಸಣ್ಣ ಅವಧಿಯಲ್ಲ.

2021ರ ಜೂನ್‌ನಲ್ಲಿ 16 ಮಂದಿಯ ಪಟ್ಟಿ ಪ್ರಕಟವಾಯಿತು. ಅದರಲ್ಲಿ ಸುನಿಲ್ ಹೆಸರಿರಲಿಲ್ಲ. ಆಗಸ್ಟ್ 5ರಂದು ಭಾರತ ಜರ್ಮನಿಯನ್ನು 5–4ರಿಂದ ಸೋಲಿಸಿ ಕಂಚು ಗೆದ್ದಿತು. 41 ವರ್ಷಗಳ ಬರ ಕಳೆಯಿತು. ಎರಡು ತಿಂಗಳೊಳಗೆ ಸುನಿಲ್ ನಿವೃತ್ತಿ ಘೋಷಿಸಿದರು. 14 ವರ್ಷ, 264 ಪಂದ್ಯ, 72 ಗೋಲು. ತರುಣರಿಗೆ ಎಡೆಮಾಡಿಕೊಡಬೇಕೆಂದರೇ ಹೊರತು ಯಾರನ್ನೂ ದೂರಲಿಲ್ಲ.

ಕಂಚಿನ ಪದಕ ಕೊರಳಿಗೇರಿದ್ದು ಟೋಕಿಯೋದಲ್ಲಿ. ಅದಕ್ಕಾಗಿ ಬೆವರು ಬಿದ್ದದ್ದು ಈ ಅಂಗಳದಲ್ಲಿ. ಆ ಬೆವರಿನಲ್ಲಿ ಪದಕ ದೊರೆಯದವರ ಪಾಲೂ ಇತ್ತು. ಅಭ್ಯಾಸದಲ್ಲಿ ಅವರು ಎದುರು ನಿಂತು ಓಡಿದ್ದರಿಂದಲೇ ಗೆದ್ದವರ ಕಾಲು ಗಟ್ಟಿಯಾಯಿತು. ಮೈಸೂರು ರಸ್ತೆಯಲ್ಲಿ ಸಾಗುವ ಪ್ರಯಾಣಿಕನು ಜ್ಞಾನಭಾರತಿಯ ಮರಗಳು ಕಂಡಾಗ ಅವರನ್ನೂ ಒಮ್ಮೆ ನೆನೆದರೆ ಅದು ನ್ಯಾಯ.