ತೈಪೆಯಲ್ಲಿ ಅಚ್ಚಾದ ಬಾಬಾಸಾಹೇಬರ ಪುಸ್ತಕ



ನಾಗಪುರದ ದೀಕ್ಷಾಭೂಮಿಗೆ ಹೋಗಿಬಂದ ಹಲವರ ಮನೇಲಿ ಬಾಬಾಸಾಹೇಬರ ‘ಬುದ್ಧ ಮತ್ತು ಆತನ ಧಮ್ಮ’ದ ಉಚಿತ ಪ್ರತಿ ಇರುತ್ತೆ. ನನ್ನ ಹತ್ರಾನೂ ಇಂಗ್ಲಿಷಿನದು ಒಂದಿದೆ. ಅಚ್ಚು ಹಾಕಿಸಿದವರ ವಿಳಾಸ ನೋಡಿ: ತೈಪೆ, ತೈವಾನ್. ಅಲ್ಲಿನ ಬೌದ್ಧ ಸಂಸ್ಥೆಯೊಂದು ದಾನಿಗಳ ದುಡ್ಡಲ್ಲಿ ಮುದ್ರಿಸಿ ಹಂಚಿದ್ದು.

ಮೊನ್ನೆ ನಮ್ಮ ಭಾನುವಾರದ ಓದಿನ ಬಳಗದಲ್ಲಿ ತೈವಾನ್ ಮಾತು ಬಂತು. ಹಿರಿಯ ಸಂಗಾತಿಯೊಬ್ಬರು, "ಅದೆಲ್ಲ ಅಮೆರಿಕದ ಆಟ. ಪಕ್ಕದಲ್ಲಿ ಅಷ್ಟು ದೊಡ್ಡ ದೇಶ ಇರುವಾಗ ಹೊಂದಿಕೊಂಡು ಹೋಗಬೇಕಪ್ಪ" ಅಂದ್ರು. ಅಮೆರಿಕ ತನ್ನ ಲಾಭ ನೋಡುತ್ತೆ ಅನ್ನೋದು ಸುಳ್ಳಲ್ಲ. ಆದ್ರೆ ‘ಹೊಂದಿಕೊಂಡು ಹೋಗಿ’ ಅನ್ನೋದು ಕಿವಿಗೆ ಬಿದ್ದ ಕೂಡಲೇ ನನಗೆ ನಮ್ಮೂರ ಅರಳಿಕಟ್ಟೆ ಪಂಚಾಯ್ತಿ ಕಣ್ಮುಂದೆ ಬಂತು. ನೀರಿನ ತಕರಾರಿರಲಿ, ಸ್ಮಶಾನದ ದಾರಿಯ ತಕರಾರಿರಲಿ, ಆ ಬುದ್ಧಿಮಾತು ಕೇರಿಯೋರಿಗೆ ಮಾತ್ರ. ಊರ ಯಜಮಾನರಿಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

ತೈವಾನಿನ ಜನಸಂಖ್ಯೆ ಸುಮಾರು 2.3 ಕೋಟಿ, ನಮ್ಮ ಕರ್ನಾಟಕದ ಅರ್ಧವೂ ಇಲ್ಲ. ಚೀನಾಕ್ಕೂ ಅವರಿಗೂ ನಡುವಿನ ಸಮುದ್ರ ಕಿರಿದಾದ ಕಡೆ ಬರೀ 130 ಕಿ.ಮೀ. ಪ್ರಜಾಪ್ರಭುತ್ವ ಅವರಿಗೆ ಪುಕ್ಕಟೆ ಸಿಕ್ಕಿದ್ದಲ್ಲ. 1949ರಿಂದ 1987ರವರೆಗೆ 38 ವರ್ಷ ಕುಮಿಂಟಾಂಗ್ ಪಕ್ಷದ ಮಾರ್ಷಲ್ ಲಾ, ಜೈಲು, ಗುಂಡು. (ಆ ಸರ್ವಾಧಿಕಾರದ ಬೆನ್ನಿಗೂ ಇದೇ ಅಮೆರಿಕ ಇತ್ತು, ಸಂಗಾತಿಗಳು ಅದನ್ನೂ ಸೇರಿಸಿಯೇ ಹೇಳಬೇಕು.) ಅದನ್ನ ದಾಟಿ 1996ರಲ್ಲಿ ಮೊದಲ ಸಲ ಅಧ್ಯಕ್ಷರನ್ನ ನೇರವಾಗಿ ಆರಿಸೋಕೆ ಹೊರಟಾಗ ಚೀನಾ ಅವರ ಬಂದರುಗಳ ಹತ್ತಿರದ ಸಮುದ್ರಕ್ಕೆ ಕ್ಷಿಪಣಿ ಹಾರಿಸ್ತು. ಜನ ಹೋಗಿ ವೋಟು ಹಾಕಿದರು.

ತೈವಾನ್ ಮೇಲೆ ಬಲಪ್ರಯೋಗ ಮಾಡಬಹುದು ಅಂತ ಚೀನಾ 2005ರಲ್ಲಿ ಕಾನೂನೇ ಮಾಡಿಟ್ಟುಕೊಂಡಿದೆ. 2020ರಲ್ಲಿ ಹಾಂಗ್‌ಕಾಂಗ್ ಏನಾಯ್ತು ಅಂತ ತೈವಾನಿನವರು ಹತ್ತಿರದಿಂದ ನೋಡಿದ್ದಾರೆ. 2023ರ ಫೆಬ್ರುವರಿಯಲ್ಲಿ ಅವರ ಮಾತ್ಸು ದ್ವೀಪಗಳಿಗೆ ಹೋಗೋ ಎರಡೂ ಸಮುದ್ರದಡಿಯ ಕೇಬಲ್ ತುಂಡಾದವು; ವಾರಗಟ್ಟಲೆ ಅಲ್ಲಿ ಇಂಟರ್ನೆಟ್ ಸರಿಯಾಗಿ ಇರಲಿಲ್ಲ. ನಾಲ್ಕು ತಿಂಗಳಿದ್ದ ಕಡ್ಡಾಯ ಸೇನಾ ಸೇವೆ 2024ರಿಂದ ಒಂದು ವರ್ಷ ಆಗಿದೆ. ಹದಿನೆಂಟರ ಮಗ ಇರೋ ತಾಯಿಗೆ ಇದು ಯಾರ ಆಟವೂ ಅಲ್ಲ.

ಬಾಬಾಸಾಹೇಬರು ಇಂಥದ್ದನ್ನ ನೋಡಿದ ರೀತಿ ಬೇರೆ. ಟಿಬೆಟ್ ವಿಷಯದಲ್ಲಿ ನೆಹರೂ ಚೀನಾ ಜೊತೆ ಪಂಚಶೀಲ ಒಪ್ಪಂದ ಮಾಡಿಕೊಂಡಾಗ, 1954ರ ಆಗಸ್ಟಲ್ಲಿ ರಾಜ್ಯಸಭೆಯಲ್ಲಿ ಅದನ್ನ ಪ್ರಶ್ನೆ ಮಾಡಿದರು. ಮಾವೋಗೆ ಪಂಚಶೀಲದಲ್ಲಿ ನಂಬಿಕೆ ಇದ್ದಿದ್ರೆ ತನ್ನ ದೇಶದ ಬೌದ್ಧರನ್ನ ಬೇರೆ ಥರ ನಡೆಸಿಕೊಳ್ತಿದ್ದ ಅನ್ನೋದು ಅವರ ವಾದ. ದೊಡ್ಡವನ ಮಾತು ಕೇಳೋದಲ್ಲ, ಅವನ ಮನೆಯೊಳಗಿನ ನಡತೆ ನೋಡೋದು.

ಹಾಗಂತ ತೈವಾನಿನವರು ದೇವರಲ್ಲ. 2024ರಲ್ಲಿ ಭಾರತದ ಕಾರ್ಮಿಕರನ್ನ ಕರೆಸಿಕೊಳ್ಳೋ ಒಪ್ಪಂದವಾದಾಗ ಅಲ್ಲಿನ ಕಾರ್ಮಿಕ ಮಂತ್ರಿ, ಈಶಾನ್ಯದವರ ಮೈಬಣ್ಣ, ಊಟ ನಮಗೆ ಹತ್ತಿರ, ಅವರನ್ನೇ ಮೊದಲು ಕರೆಸ್ತೀವಿ ಅನ್ನೋ ಮಾತಾಡಿದರು. ಓದಿ ಮೈ ಉರೀತು. ಬಣ್ಣ, ಊಟ! ನಮಗೆ ಗೊತ್ತಿಲ್ಲದ ಲೆಕ್ಕವಾ ಇದು? ಆದ್ರೆ ಅಲ್ಲೇ ಟೀಕೆ ಎದ್ದು ಮಂತ್ರಿ ಬಹಿರಂಗವಾಗಿ ಕ್ಷಮೆ ಕೇಳಬೇಕಾಯ್ತು. ಮಂತ್ರೀನ ತರಾಟೆಗೆ ತಗೊಂಡವರು ರಾತ್ರಿ ಮನೇಲೇ ಮಲಗಿದರು. ಅವರು ಕಳ್ಕೊಳ್ಳೋಕೆ ಹೆದರ್ತಿರೋದು ಇದನ್ನೇ.

ಬರೋ ಭಾನುವಾರ ಆ ಪುಸ್ತಕ ತರ್ತೀನಿ. ಸಂಗಾತಿಗೆ ವಿಳಾಸ ಇರೋ ಪುಟ ತೋರಿಸಬೇಕು.