ಸುಟ್ಟ ಮೋಟಾರು ಮತ್ತು ಇನ್ನೂರು ಪುಟದ ನೋಟ್‌ಬುಕ್ಕು

ವಿರೂಪಾಪುರಗಡ್ಡೆ ಅಂದ್ರೆ ಬೆಂಗಳೂರಿನ ನನ್ನ ಗೆಳೆಯರಿಗೆ ನೆನಪಾಗೋದು 'ಹಿಪ್ಪಿ ಐಲ್ಯಾಂಡ್'. ಹರಿಗೋಲು, ಬಂಡೆ, ಗದ್ದೆ ಪಕ್ಕದ ಗುಡಿಸಲು, ಸೂರ್ಯಾಸ್ತ... ಅಲ್ಲಿಗೆ ಫೋಟೋ ಆಲ್ಬಮ್ಮು ಮುಗೀತು. ನಮ್ಮ ಗಂಗಾವತಿ ಕಡೆಯವರು ಬರೀ 'ಗಡ್ಡಿ' ಅಂತೀವಿ. ಹಂಪಿಯಲ್ಲಿ ನಿಂತು ತುಂಗಭದ್ರೆಯ ಆಚೆ ದಡ ನೋಡಿದ್ರೆ ಕಾಣೋದೇ ಅದು. ಹೊಳೆಯ ಈಚೆ ವಿಜಯನಗರ ಜಿಲ್ಲೆ, ಆಚೆ ನಮ್ಮ ಕೊಪ್ಪಳ. ನನಗೆ ಮಾತ್ರ ಆ ಜಾಗ ನೆನಪಾಗೋದು ಒಂದು ಸ್ಕೂಲಿನ ಥರ. ಹಾಜರಿ ಇಲ್ಲ, ಮೇಷ್ಟ್ರಿಲ್ಲ, ಸರ್ಟಿಫಿಕೇಟು ಮೊದಲೇ ಇಲ್ಲ.

ನಮ್ಮ ಕಾಕಾ ಅಲ್ಲಿ ಒಂದು ಗೆಸ್ಟ್‌ಹೌಸಿನಲ್ಲಿ ಅಡುಗೆ ಮಾಡ್ತಿದ್ದ. ಓದಿದ್ದು ಏಳನೇ ಕ್ಲಾಸು. ಕೈಗೆ ಗೊತ್ತಿದ್ದದ್ದು ಜೋಳದ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಚಟ್ನಿ. ಗಡ್ಡಿಗೆ ಬರ್ತಿದ್ದ ಪ್ರವಾಸಿಗರಲ್ಲಿ ಇಸ್ರೇಲಿನವರು ಬಹಳ. ಅವರಿಗೆ ಬೇಕಾದದ್ದು ಹಮ್ಮಸ್, ಶಕ್‌ಶುಕಾ. ಯಾರು ಹೇಳಿಕೊಟ್ಟರು ಅಂತ ಒಮ್ಮೆ ಕೇಳಿದ್ದೆ. "ಯಾರ್ ಹೇಳಿಕೊಡ್ತಾರೋ? ವಾಪಸ್ ಬಂದ ತಾಟು ನೋಡ್ತಿದ್ದೆ" ಅಂದ. ತಾಟಿನಲ್ಲಿ ಎಷ್ಟು ಉಳಿದಿದೆ, ಬ್ರೆಡ್ಡು ಖಾಲಿಯಾಗಿ ಹಮ್ಮಸ್ ಉಳಿದಿದೆಯೋ, ಹಮ್ಮಸ್ ಖಾಲಿಯಾಗಿ ಬ್ರೆಡ್ಡು ಉಳಿದಿದೆಯೋ. ಒಂದಿನ ಕಡಲೆ ಹೆಚ್ಚು ಹೊತ್ತು ನೆನೆಸಿದ. ಇನ್ನೊಂದಿನ ಸಿಪ್ಪೆ ತೆಗೆದ. ಮತ್ತೊಂದಿನ ಎಳ್ಳು ಹುರಿಯೋದು ಕಡಿಮೆ ಮಾಡಿದ, ಕಹಿ ಹೋಯ್ತು. "ಒಂದಿನಕ್ಕ ಒಂದ ಬದಲ್ಸಬೇಕು. ಎರಡು ಬದಲ್ಸಿದ್ರ ಯಾವುದ್ರಿಂದ ಸರಿ ಆತು ಗೊತ್ತಾಗಂಗಿಲ್ಲ."

ಈ ಮಾತನ್ನು ನನ್ನ ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ಯಾರೂ ಇಷ್ಟು ಸರಳವಾಗಿ ಹೇಳಿರಲಿಲ್ಲ. ಈಗ ಕೋಡಿನಲ್ಲಿ ಬಗ್ ಹುಡುಕುವಾಗ ದಿನಾ ಮಾಡೋದು ಇದನ್ನೇ :-)

ಗಡ್ಡಿಯ ತುಂಬ ಹೀಗೇ ಕಲಿತವರಿದ್ದರು. ಬಾಡಿಗೆಗೆ ಬಿಡೋ ಮೊಪೆಡ್ಡಿನ ಶಬ್ದ ಕೇಳಿಯೇ ರಿಪೇರಿ ಮಾಡುವವರು, ಬಂಡೆ ಹತ್ತಲು ಬರುವ ಪರದೇಶಿಗಳನ್ನು ನೋಡಿ ತಾವೂ ಹತ್ತಿ ಆಮೇಲೆ ಹೊಸಬರಿಗೆ ಹೇಳಿಕೊಡುವವರು. ಹರಿಗೋಲು ಅಂತೂ ಬಿಡಿ, ಅದಕ್ಕೆ ಮುಂದು ಹಿಂದು ಅನ್ನೋದೇ ಇಲ್ಲ. ಹುಟ್ಟು ಹಾಕುವುದು ತಪ್ಪಿದರೆ ಅಲ್ಲೇ ಗಿರಗಿರ ತಿರುಗುತ್ತದೆ. ತಪ್ಪು ತಿಳಿಯಲು ರಿಸಲ್ಟಿನ ತನಕ ಕಾಯಬೇಕಿಲ್ಲ!

ಆ ಸ್ಕೂಲು ಮುಚ್ಚಿತು. ಹಂಪಿಯ ಪಾರಂಪರಿಕ ಪ್ರದೇಶದಲ್ಲಿ ಅನುಮತಿ ಇಲ್ಲದೆ ಕಟ್ಟಿದ್ದು ಅನ್ನೋ ಪ್ರಕರಣದಲ್ಲಿ 2015ರಲ್ಲಿ ಹೈಕೋರ್ಟು ಕೊಟ್ಟ ಆದೇಶವನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿ ಬಂದವು. ಅದೇ ತಿಂಗಳ ಕೊನೆಗೆ ಲಾಕ್‌ಡೌನು. ಸರಿ ತಪ್ಪಿನ ಚರ್ಚೆ ಇಲ್ಲಿ ಬೇಡ, ಬೇರೆ ಪೋಸ್ಟಿನ ವಿಷಯ ಅದು. ಕಾಕಾನ ಲೆಕ್ಕದಲ್ಲಿ ಆದದ್ದಿಷ್ಟು: ವರ್ಷಗಟ್ಟಲೆ ಕಲಿತದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಊರೊಳಗೆ ಹಮ್ಮಸ್ ಕೇಳುವವರು ಯಾರು? ಆವತ್ತೇ ತೀರ್ಮಾನ ಮಾಡಿದ, ಮಗನ ಕೈಯಲ್ಲಿ ಸರ್ಟಿಫಿಕೇಟು ಇರಲೇಬೇಕು.

ಹಾಗಾಗಿ ನಮ್ಮ ತಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಸೇರಿದ. ಎಲೆಕ್ಟ್ರಿಷಿಯನ್ ಟ್ರೇಡು, ಎರಡು ವರ್ಷ. ನಮ್ಮ ದೇಶದಲ್ಲಿ ಐಟಿಐ ತರಬೇತಿಯ ಯೋಜನೆ ಶುರುವಾದದ್ದು 1950ರಲ್ಲಿ, ಅಂದರೆ ನಮ್ಮಪ್ಪನಿಗಿಂತ ಹಳೆಯದು. ಯಾವ ಊರಿನ ಯಾವ ಐಟಿಐ ಅಂತ ಬರೆಯಲ್ಲ, ಯಾಕಂದ್ರೆ ಮುಂದೆ ಹೇಳೋದು ಬಹಳ ಕಡೆ ಇರೋದೇ.

ಅವನ ಪ್ರಾಕ್ಟಿಕಲ್ ರೆಕಾರ್ಡು ಒಮ್ಮೆ ತಿರುವಿ ನೋಡಿದೆ. ಚೆಂದದ ಅಕ್ಷರ, ಪೆನ್ಸಿಲ್ ಚಿತ್ರ, ಕೆಂಪು ಶಾಯಿಯ ಸಹಿ. ಉದ್ದೇಶ, ಸಲಕರಣೆ, ವಿಧಾನ, ಫಲಿತಾಂಶ. ಮೆಟ್ಟಿಲಿನ ಲೈಟಿಗೆ ಎರಡು ಕಡೆ ಸ್ವಿಚ್ಚು ಕೊಡುವ ವೈರಿಂಗು ಇತ್ತು. ಫಲಿತಾಂಶ: 'ಸರಿಯಾಗಿ ಕೆಲಸ ಮಾಡಿತು.' ಮೊದಲ ಸಲ ಹಾಕಿದಾಗಲೇ ಲೈಟು ಹತ್ತಿತಾ ಅಂತ ಕೇಳಿದೆ. ನಕ್ಕ. "ಇಲ್ಲಣ್ಣಾ, ಮೂರು ಸಲ ಬಿಚ್ಚೀನಿ." ಆ ಮೂರು ಸಲದ್ದು ಎಲ್ಲಿ ಬರೆದೀ? "ಅದನ್ನ ಬರೆದ್ರ ಸರ್ ಸಹಿ ಹಾಕ್ತಾರನು?"

ಇಪ್ಪತ್ತು ಹುಡುಗರ ಬ್ಯಾಚು, ಇಪ್ಪತ್ತು ರೆಕಾರ್ಡು, ಇಪ್ಪತ್ತರಲ್ಲೂ ಅದೇ ವಾಕ್ಯ. ಲೈಟು ಹತ್ತದಿದ್ದ ಮೂರು ಸಲದಲ್ಲಿ ಕಲಿಕೆ ಇತ್ತು, ಪುಸ್ತಕದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಪಾಪ, ಮೇಷ್ಟ್ರನ್ನೇ ಬೈಯೋದೂ ಸರಿಯಲ್ಲ. ಅವರೂ ಇನ್ಯಾರಿಗೋ ಆ ರೆಕಾರ್ಡು ತೋರಿಸಬೇಕು.

ಎರಡನೇ ವರ್ಷ ಅವನು ಸಂಜೆ ಹೊತ್ತು ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗತೊಡಗಿದ. ಗಂಗಾವತಿ ಅಂದ್ರೆ ಭತ್ತ, ರೈಸ್‌ಮಿಲ್ಲು, ಪಂಪ್‌ಸೆಟ್ಟು. ಸುಟ್ಟ ಮೋಟಾರಿಗೆ ಬರ ಇಲ್ಲ. ಅಲ್ಲಿನ ಮಿಸ್ತ್ರಿ ಹತ್ತಿರ ಎಣ್ಣೆ ಕಲೆಯ ಒಂದು ನೋಟ್‌ಬುಕ್ಕು. ಸುಟ್ಟ ಮೋಟಾರು ಬಂದ ಕೂಡಲೇ ಬಿಚ್ಚುವಂತಿಲ್ಲ. ಮೊದಲು ಬರೆಯಬೇಕು: ಎಷ್ಟು ಎಚ್‌ಪಿ, ಎಷ್ಟು ಸ್ಲಾಟು, ಒಂದು ಕಾಯಿಲಿಗೆ ಎಷ್ಟು ಸುತ್ತು, ತಂತಿ ಎಷ್ಟು ಗೇಜು, ಕಾಯಿಲು ಎಲ್ಲಿಂದ ಎಲ್ಲಿಗೆ ಕೂತಿದೆ, ಸ್ಟಾರೋ ಡೆಲ್ಟಾವೋ. ಇದೆಲ್ಲ ಆದ ಮೇಲೇ ಹಳೇ ತಂತಿ ಕೀಳೋದು. ಇಲ್ಲಿ ಬರೆಯೋದು ಯಾರ ಸಹಿಗೂ ಅಲ್ಲ. ತಮ್ಮನೇ ಹೇಳಿದ, "ಅಣ್ಣಾ, ಹಳೇ ವೈಂಡಿಂಗ್ ಕಿತ್ತ ಮ್ಯಾಲ ಯಾರ್ನ ಕೇಳ್ಲಿ?"

ಅವನೂ ಇನ್ನೂರು ಪುಟದ ಒಂದು ನೋಟ್‌ಬುಕ್ಕು ತಂದ. ಮೊದಮೊದಲು ಮಿಸ್ತ್ರಿಯ ಕಾಪಿ. ಕೆಲವು ಮೋಟಾರಾದ ಮೇಲೆ ಅದರಲ್ಲಿ ಮಿಸ್ತ್ರಿಯ ಪುಸ್ತಕದಲ್ಲಿಲ್ಲದ ಒಂದು ಕಾಲಂ ಬಂತು: 'ಯಾಕ ಸುಟ್ಟಿತು?' ಸ್ಟಾರ್ ಕನೆಕ್ಷನ್ನಿನ ಮೋಟಾರಿನಲ್ಲಿ ಎರಡು ಫೇಸಿನ ಕಾಯಿಲು ಕರ್ರಗಾಗಿ ಮೂರನೆಯದು ಹೊಸದರಂತೆ ಇದ್ದರೆ, ಲೈನಿನ ಒಂದು ಫೇಸು ಹೋದದ್ದು ಗೊತ್ತಾಗದೆ ಮೋಟಾರು ಓಡಿದೆ ಅಂತ ಅರ್ಥ. ಡೆಲ್ಟಾ ಆದರೆ ಉಲ್ಟಾ, ಒಂದೇ ಫೇಸು ಸುಟ್ಟಿರುತ್ತದೆ. ಎಲ್ಲವೂ ಒಂದೇ ಸಮ ಸುಟ್ಟಿದ್ದರೆ ಓಲ್ಟೇಜು ಕಡಿಮೆಯೋ ಲೋಡು ಜಾಸ್ತಿಯೋ ಅಂತ ನೋಡಬೇಕು. ರೈತನಿಗೆ ಕಾರಣ ಹೇಳದೆ ಬರೀ ಸುತ್ತಿ ಕಳಿಸಿದರೆ ಅದೇ ಮೋಟಾರು ಮತ್ತೆ ಬರುತ್ತದೆ. (ಅಂಗಡಿಗೆ ಲಾಭವೇ ಬಿಡಿ. ಆದ್ರೆ ಬೈಗುಳವೂ ಜೊತೆಗೆ ಬರುತ್ತೆ.)

ಬ್ಯಾರಿ ಜಿಮ್ಮರ್‌ಮನ್ ಅಂತ ಅಮೆರಿಕದ ಒಬ್ಬ ಮನಶ್ಶಾಸ್ತ್ರಜ್ಞ. ತನ್ನ ಕಲಿಕೆಯನ್ನು ತಾನೇ ನೋಡಿಕೊಳ್ಳುವವನು ಮೂರು ಹಂತಗಳಲ್ಲಿ ಸುತ್ತುತ್ತಾನೆ ಅಂದ: ಮಾಡುವ ಮುಂಚೆ ಯೋಚನೆ, ಮಾಡುವಾಗ ಗಮನ, ಮಾಡಿದ ಮೇಲೆ ವಿಚಾರಣೆ. ಇದನ್ನು ಓದಿದಾಗ ನನಗೆ ಗಡ್ಡಿಯ ತಾಟುಗಳೇ ಕಣ್ಣಿಗೆ ಬಂದವು. ಅವನೂ ಅನಸ್ತೇಸಿಯಾ ಕಿತ್ಸಾಂತಾಸ್ ಎಂಬಾಕೆಯೂ ಸೇರಿ 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. 90 ಹೈಸ್ಕೂಲು ಹುಡುಗಿಯರಿಗೆ ಡಾರ್ಟ್ ಎಸೆಯಲು ಕಲಿಸಿದರು. ಮೊದಲು ಕೈಯ ಕ್ರಮದ ಮೇಲೆ ಗಮನವಿಟ್ಟು, ಅದು ಕೈಗೆ ಕೂತ ಮೇಲೆ ಅಂಕದ ಕಡೆ ತಿರುಗಿದವರೇ ಎಲ್ಲರಿಗಿಂತ ಚೆನ್ನಾಗಿ ಎಸೆದರು. ಮೊದಲಿಂದಲೂ ಅಂಕದ ಮೇಲೇ ಕಣ್ಣಿಟ್ಟವರು ಹಿಂದೆ ಬಿದ್ದರು. ತಾವು ಮಾಡಿದ್ದನ್ನು ತಾವೇ ಬರೆದಿಟ್ಟುಕೊಂಡದ್ದೂ ಸಹಾಯ ಮಾಡಿತು. ನಮ್ಮ ರೆಕಾರ್ಡಿನ 'ಫಲಿತಾಂಶ' ಕಾಲಂ ಇದೆಯಲ್ಲ, ಅದು ಮೊದಲ ದಿನದಿಂದಲೇ ಹುಡುಗರ ಕಣ್ಣನ್ನು ಅಂಕದ ಕಡೆ ತಿರುಗಿಸಿಬಿಡುತ್ತದೆ ಅಂತ ನನ್ನ ಅನುಮಾನ. ನೀವೇನಂತೀರಿ?

ಬರೆಸಿದರೆ ಸಾಕು, ಕಲಿತುಬಿಡ್ತಾರೆ ಅಂತಲೂ ಅಲ್ಲ. ಜರ್ಮನಿಯಲ್ಲಿ ಅರ್ಧ ಕಾರ್ಖಾನೆ ಅರ್ಧ ಶಾಲೆಯ ಪದ್ಧತಿ, ಅಲ್ಲಿ ಕಲಿಯುವ ಹುಡುಗರು ಏನೇನು ಕಲಿತೆವು ಅಂತ ವರದಿ ಪುಸ್ತಕ ಬರೆಯಬೇಕು. ಅದಿಲ್ಲದೆ ಕೊನೇ ಪರೀಕ್ಷೆಗೆ ಕೂರಿಸೋದಿಲ್ಲ. ಒಳ್ಳೇ ನಿಯಮವೇ. ಆದರೆ ಸಹಿಗಾಗಿ ಬರೆಯೋ ಚಾಳಿ ಅಲ್ಲಿ ಮಾತ್ರ ಇರಲ್ಲ ಅಂತ ನಂಬಲು ನನಗೆ ಕಷ್ಟ. ನಮ್ಮಲ್ಲೂ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಸರ್ಕಾರ 150 ಐಟಿಐಗಳಿಗೆ ಹೊಸ ಯಂತ್ರ ತಂದಿತು. ಬೇಕಾದ್ದೇ. ರೊಬೋಟು ಬಂದ ಲ್ಯಾಬಿನಲ್ಲಿ 'ಯಾಕೆ ಓಡಲಿಲ್ಲ' ಅಂತ ಬರೆಯೋಕೆ ಜಾಗ ಇದೆಯಾ ಅನ್ನೋದಷ್ಟೇ ನನ್ನ ಕುತೂಹಲ.

ಹೋದ ತಿಂಗಳು ತಮ್ಮ ವಾಟ್ಸಾಪಿನಲ್ಲಿ ಒಂದು ಪುಟದ ಫೋಟೋ ಕಳಿಸಿದ. ಈಗ ಅವನಿಗೆ ಐಟಿಐ ಮುಗಿದಿದೆ, ಸರ್ಟಿಫಿಕೇಟು ಕಾಕಾನ ಟ್ರಂಕಿನಲ್ಲಿದೆ, ಅವನು ಅದೇ ಅಂಗಡಿಯಲ್ಲಿದ್ದಾನೆ. 5 ಎಚ್‌ಪಿ ಮೋಟಾರು. ಮಿಸ್ತ್ರಿ ಊರಲ್ಲಿಲ್ಲ. ರೈತ ಅಂಗಡಿ ಮುಂದೆ ಬೈಕಿನ ಮೇಲೆ ಕೂತಿದ್ದಾನೆ, ಮಡಿಗೆ ನೀರು ಬಿಡಬೇಕು ಅಂತ ಅವಸರ. ವಾರ್ನಿಶ್ ಹಾಕುವ ಮುಂಚೆ ಲೋಡಿಲ್ಲದೆ ಓಡಿಸಿ ನೋಡಿದರೆ ಮೂರು ಫೇಸಿನಲ್ಲಿ 3.2, 3.3, 4.1 ಆಂಪಿಯರ್. ಮೂರೂ ಹೆಚ್ಚುಕಮ್ಮಿ ಒಂದೇ ಇರಬೇಕಿತ್ತು. ಮೋಟಾರು ಓಡ್ತಾನೇ ಇದೆ, ಕೊಟ್ಟು ಕಳಿಸಿದ್ರೆ ಅವತ್ತಿಗೆ ಯಾರಿಗೂ ಗೊತ್ತಾಗಲ್ಲ.

ಪುಟದಲ್ಲಿ ಹೀಗೆ ಬರೆದಿತ್ತು: 'ಮೂರೂ ವೈರ್ ಒಂದೊಂದು ಮನಿ ಮುಂದಕ್ಕ ಸರಿಸಿ ನೋಡದು. 4.1 ಲೈನಿನ ವೈರ್ ಜೋಡಿ ಸರಿದ್ರ ಕರೆಂಟಿಂದು ತಪ್ಪು. ಅದ ಕಾಯಿಲಿಗೆ ಉಳಿದ್ರ ನಂದು.' ಇದನ್ನು ಬರೆದದ್ದು ಪರೀಕ್ಷೆ ಮಾಡೋಕೆ ಮುಂಚೆ. ಕೆಳಗೆ ಬೇರೆ ಪೆನ್ನಿನಲ್ಲಿ ಒಂದೇ ಪದ: 'ನಂದು.'

ಬಿಚ್ಚಿದ. ಒಂದು ಕಾಯಿಲಿನಲ್ಲಿ ಸುತ್ತು ಕಡಿಮೆ. ಯಾಕೆ ಅನ್ನೋ ಕಾಲಮ್ಮಿನಲ್ಲಿ 'ಸುತ್ತುವಾಗ ಫೋನ್ ಬಂದಿತ್ತು, ಎಣಿಕಿ ತಪ್ಪಿತು. ಇನ್ಮ್ಯಾಲ ಹತ್ತು ಸುತ್ತಿಗೊಂದು ಗೀಟು.' ರೈತ ಬೈದು ಹೋದ. ರಾತ್ರಿ ಬಂದ ಮಿಸ್ತ್ರಿಯೂ ಬೈದರಂತೆ, ಆಮೇಲೆ ಹೆಂಗ್ ಗೊತ್ತಾತು ಅಂತ ಕೇಳಿದರಂತೆ. ಇವನು ಪುಟ ತೋರಿಸಿದ.

ಮರುದಿನ ಮೋಟಾರು ಹೋಯ್ತು. 3.2, 3.3, 3.2.