ಬೇಡದ ಸಾಲ

ಜೂನ್ 14, 2025, ಶನಿವಾರ. ತೀರ್ಥಹಳ್ಳಿ

ಬೆಳಿಗ್ಗೆಯಿಂದ ಜಡಿಮಳೆ. ಅಪ್ಪಯ್ಯ ಜಗಲಿಯಲ್ಲಿ ಕೂತು ಫೋನಿನಲ್ಲಿ ಅಡಿಕೆ ಧಾರಣೆ ನೋಡುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಪಟ್ಟಿ ಬಂತು. ರಾಶಿಯ ಸಾಲಿಗೆ ಬೆರಳು ಒಯ್ಯುವಷ್ಟರಲ್ಲಿ ಮೇಲೊಂದು ಜಾಹೀರಾತು ಬಂದು ಕೂತಿತು, ಪಟ್ಟಿಯಿಡೀ ಕೆಳಕ್ಕೆ ಜರುಗಿತು. ಬೆರಳು ಬಿದ್ದದ್ದು 'ಐದೇ ನಿಮಿಷದಲ್ಲಿ ಸಾಲ' ಎಂಬುದರ ಮೇಲೆ.

"ನಾನೆಲ್ಲಿ ಸಾಲ ಕೇಳಿದ್ದೆ ಮಾರಾಯ?" ಎಂದರು.

ಮುಚ್ಚುವ ಗುರುತು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟಿದೆ. ಎಪ್ಪತ್ತು ದಾಟಿದವರ ಬೆರಳಿಗೆ ಅದು ಸಿಗುವುದಿಲ್ಲ. ಸಿಗದಿರಲಿ ಎಂದೇ ಹಾಗೆ ಇಟ್ಟಂತಿದೆ.

ಜೂನ್ 15, ಭಾನುವಾರ

ಜಾಹೀರಾತು ತಡೆಯೋಣವೆಂದರೆ ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ. ಅಪ್ಪಯ್ಯನ ಫೋನಿಗೆ ಫೈರ್‌ಫಾಕ್ಸ್ ಇಳಿಸಿ, ಯುಬ್ಲಾಕ್ ಒರಿಜಿನ್ ಎಂಬ ಆ್ಯಡ್ ಬ್ಲಾಕರ್ ಹಾಕಿದೆ. ರೇಮಂಡ್ ಹಿಲ್ 2014ರಲ್ಲಿ ಮಾಡಿದ ತಂತ್ರಾಂಶದಿಂದ ಬೆಳೆದದ್ದು. ಪುಕ್ಕಟೆ, ದೇಣಿಗೆ ಕೊಡುತ್ತೇವೆಂದರೂ ಆತ ತೆಗೆದುಕೊಳ್ಳುವುದಿಲ್ಲ. ಜಾಹೀರಾತು ಕಳಿಸುವ ಸರ್ವರ್‌ಗಳ ಪಟ್ಟಿ ಇಟ್ಟುಕೊಂಡು, ಅಲ್ಲಿಗೆ ಫೋನಿನಿಂದ ಕರೆಯೇ ಹೋಗದಂತೆ ತಡೆಯುತ್ತದೆ. ಡೇಟಾ ಉಳಿಯುತ್ತದೆ. ಒಂದೇ ಕಡ್ಡಿ ಸಿಗ್ನಲ್ ಇರುವ ಈ ಮನೆಯಲ್ಲೂ ಧಾರಣೆಯ ಪುಟ ಬೇಗ ತೆರೆಯಿತು, ಅಲುಗಾಡದೆ ನಿಂತಿತು.

ಜೂನ್ 18, ಬುಧವಾರ. ಬೆಂಗಳೂರು

ಪತ್ರಿಕೆಯೊಂದರ ವೆಬ್ ವಿಭಾಗದಲ್ಲಿರುವ ಗೆಳೆಯ ಚಹಾಕ್ಕೆ ಸಿಕ್ಕಿದ್ದ. ಅಪ್ಪಯ್ಯನ ಫೋನಿಗೆ ಬ್ಲಾಕರ್ ಹಾಕಿದ್ದು ಹೇಳಿದ ಕೂಡಲೇ ರೇಗಿದ: "ಎಲ್ಲರೂ ಬ್ಲಾಕರ್ ಹಾಕ್ಕೊಂಡ್ರೆ ನಮ್ಮ ಸಂಬಳ ಯಾರಪ್ಪ ಕೊಡೋದು?"

ಅವನ ಮಾತು ಸುಳ್ಳಲ್ಲ. ಅಚ್ಚಿನ ಪತ್ರಿಕೆಯನ್ನು ಸಾಕಿದ್ದೂ ಜಾಹೀರಾತೇ. ಆದರೆ ಅಲ್ಲಿ ಸೀರೆ ಅಂಗಡಿಯ ಜಾಹೀರಾತು ತನ್ನ ಕಾಲಮ್ಮಿನಲ್ಲಿ ತೆಪ್ಪಗೆ ಇರುತ್ತಿತ್ತು. ಓದುವವನು ಯಾರು, ನಿನ್ನೆ ಏನು ಹುಡುಕಿದ್ದ ಎಂದು ಅದು ಬೆನ್ನು ಹತ್ತುತ್ತಿರಲಿಲ್ಲ.

ಇನ್ನು ಮೋಸದ ಮಾತು. ಸರ್ಚ್ ಫಲಿತಾಂಶದ ತಲೆಯ ಮೇಲೆ ಅಸಲಿ ಕಂಪನಿಯ ಹೆಸರಿನಲ್ಲಿ ವಂಚಕರು ಜಾಹೀರಾತು ಕೊಡುತ್ತಿದ್ದಾರೆ, ಹುಡುಕುವಾಗ ಆ್ಯಡ್ ಬ್ಲಾಕರ್ ಬಳಸಿ ಎಂದು ಅಮೆರಿಕದ ಎಫ್‌ಬಿಐ 2022ರ ಡಿಸೆಂಬರಿನಲ್ಲೇ ಜನರಿಗೆ ಹೇಳಿತ್ತು. ನಮ್ಮಲ್ಲೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಬಳಕೆದಾರರನ್ನು ದಾರಿ ತಪ್ಪಿಸುವ 13 ಬಗೆಯ 'ಡಾರ್ಕ್ ಪ್ಯಾಟರ್ನ್'ಗಳನ್ನು ಹೆಸರಿಸಿತು. ಸುದ್ದಿಯ ವೇಷ ತೊಟ್ಟ ಜಾಹೀರಾತೂ ಅದರಲ್ಲಿದೆ. ಇಷ್ಟು ಹೇಳಿದೆ. ಗೆಳೆಯ ಒಪ್ಪಲಿಲ್ಲ, ಚಹಾದ ದುಡ್ಡು ಮಾತ್ರ ಅವನೇ ಕೊಟ್ಟ.

ಜೂನ್ 22, ಭಾನುವಾರ

ಅಪ್ಪಯ್ಯ ಫೋನ್ ಮಾಡಿದ್ದರು. ಧಾರಣೆ ಸಲೀಸಾಗಿ ಸಿಗುತ್ತಿದೆಯಂತೆ. ಅವರು ದಿನಾ ಓದುವ ಪತ್ರಿಕೆಯ ತಾಣ ಮಾತ್ರ 'ಬ್ಲಾಕರ್ ತೆಗೆದು ಒಳಗೆ ಬನ್ನಿ' ಎಂದು ಪರದೆಗೆ ಅಡ್ಡ ನಿಂತಿದೆಯಂತೆ. ಗೆಳೆಯ ಹೇಳಿದ್ದು ನೆನಪಾಯಿತು. ಆ ಪತ್ರಿಕೆಗೆ ಅಪ್ಪಯ್ಯನ ಹೆಸರಿನಲ್ಲಿ ಒಂದು ವರ್ಷದ ಚಂದಾ ಕಟ್ಟಿದೆ. ಉಳಿದ ಕಡೆ ಬ್ಲಾಕರ್ ಇದ್ದಂತೆಯೇ ಇರಲಿ. ಓದಿದ್ದಕ್ಕೆ ದುಡ್ಡು ಕೊಡುವುದು ನ್ಯಾಯ. ಬೆರಳು ತಪ್ಪಿಸಿ ದುಡ್ಡು ಮಾಡುವವರಿಗೆ ನಾವೇನೂ ಬಾಕಿ ಇಟ್ಟುಕೊಂಡಿಲ್ಲ.